ಒರತೆಯಲ್ಲಿ ಕಾಲಿಟ್ಟವನು

ಹುಲಿಗೆಮ್ಮನ ಒರತೆಯಲ್ಲಿ ಯಾರೋ ಗಂಡಸು ಎರಡೂ ಕಾಲು ಇಳಿಬಿಟ್ಟುಕೊಂಡು ಕೂತಿದ್ದ. ಕೂತಿದ್ದಷ್ಟೇ ಅಲ್ಲ, ಕಣ್ಣು ಮುಚ್ಚಿಕೊಂಡು ಬೆರಳುಗಳನ್ನು ನೀರಲ್ಲಿ ಆಡಿಸುತ್ತಿದ್ದ.

ಐವತ್ತೆಂಟರ ಬೇಸಿಗೆ. ಹರಿಹರದ ಹೊಳೆ ಆಚೆ ದಡಕ್ಕೆ ಸರಿದು, ಈಚೆಗೆಲ್ಲ ಮರಳೇ ಮರಳು. ಬಟ್ಟೆ ಒಗೆಯುವುದು, ಎಮ್ಮೆ ತೊಳೆಯುವುದು ಹರಿಯುವ ನೀರಲ್ಲಿ. ಕುಡಿಯುವುದಕ್ಕೆ ಮಾತ್ರ ಮರಳಲ್ಲಿ ಗುಂಡಿ ತೋಡಿ, ಕಲಕು ನೀರು ಚೆಲ್ಲಿ, ತಿಳಿನೀರು ಒಸರುವವರೆಗೆ ಕಾಯಬೇಕು. ಅದೇ ಒರತೆ. ಒಬ್ಬರು ತೋಡಿದ ಒರತೆಗೆ ಚೆಂಬು ಅದ್ದಬೇಕಾದರೂ ಇನ್ನೊಬ್ಬರು ಒಂದು ಮಾತು ಕೇಳುತ್ತಾರೆ. ಕಾಲು ಅದ್ದಿದವರನ್ನು ಊರು ಕಂಡಿರಲಿಲ್ಲ.

"ಏನ್ರಿ, ತಂಪಾಗೈತಾ?" ಎಂದಳು ಹುಲಿಗೆಮ್ಮ.

"ಭಾಳ ತಂಪೈತ್ರಿ," ಎಂದ ಅವನು, ಕಣ್ಣು ತೆರೆಯದೆ.

"ಸಂಜಿಗೆ ನಮ್ಮಪ್ಪ ಕುಡಿಯೋ ನೀರದು. ನಿಮ್ಮ ಹಿಮ್ಮಡಿ ರುಚಿ ಅಂತ ಹೇಳೇ ಕುಡಿಸ್ಲಾ?"

ಅವನು ಚಂಗನೆ ಎದ್ದ. ಎದ್ದ ರಭಸಕ್ಕೆ ಒರತೆಯ ಅಂಚು ಕುಸಿದು, ಇದ್ದ ನೀರೂ ರಾಡಿಯಾಯಿತು. "ಹುಡುಗ್ರು ಆಡಿ ಬಿಟ್ಟ ಗುಂಡಿ ಅಂದ್ಕೊಂಡೆ."

"ನಮ್ಮೂರಾಗೆ ಹುಡುಗ್ರಿಗೂ ಬುದ್ಧಿ ಐತೆ. ಯಾವೂರು ನಿಮ್ದು?"

"ದಾವಣಗೆರೆ. ಹತ್ತಿ ಮಿಲ್ಲಿನಾಗೆ ಕೆಲಸ. ಏಕಾಂತಪ್ಪ ಅಂತ."

"ಹೆಸರ್ಯಾರು ಕೇಳಿದ್ರು? ತೋಡ್ರಿ ಇನ್ನೊಂದು."

ತೋಡಿದ. ಎರಡು ಬೊಗಸೆ ಮರಳೆತ್ತುವಷ್ಟರಲ್ಲಿ ಕೆಮ್ಮು ಬಂತು. ಹುಲಿಗೆಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡುತ್ತ ನಿಂತಳು. ಅವನ ಕಪ್ಪು ಹುಬ್ಬಿನ ತುದಿಯಲ್ಲಿ ಒಂದು ಎಳೆ ಬಿಳಿ ಹತ್ತಿ ಸಿಕ್ಕಿಕೊಂಡಿತ್ತು, ಹೊಳೆಗಾಳಿಗೆ ಅದು ಅಲ್ಲಾಡುತ್ತಿತ್ತು. ಇಂಥ ಸಿಟ್ಟಿನಲ್ಲೂ ಅದನ್ನು ಕಿತ್ತು ಹಾಕಬೇಕೆಂದು ಅವಳ ಬೆರಳು ತುಡಿಯಿತು. ಅದಕ್ಕೇ ಸಿಟ್ಟು ಇನ್ನಷ್ಟು ಏರಿತು.

ಮುಂದಿನ ಭಾನುವಾರದ ರೈಲಿಗೆ ಮತ್ತೆ ಬಂದ. ಬೇಸಿಗೆಯ ಭಾನುವಾರ ದಾವಣಗೆರೆಯವರು ಹೀಗೆ ಬರುವುದುಂಟು, ಈಜಲಿಕ್ಕೆ, ಮರಳಲ್ಲಿ ಬುತ್ತಿ ಬಿಚ್ಚಿ ಉಣ್ಣಲಿಕ್ಕೆ. ಇವನು ಈಜಲೂ ಇಲ್ಲ, ಉಣ್ಣಲೂ ಇಲ್ಲ. ನೆಟ್ಟಗೆ ಬಂದು ಒರತೆ ತೋಡಿ, ಹುಲಿಗೆಮ್ಮ ಕೊಡ ತುಂಬುವವರೆಗೆ ದೂರ ಕೂತು ಗಾಳಿ ಕುಡಿಯುತ್ತಿದ್ದ. ಒಮ್ಮೆ ಪೊಟ್ಟಣದಲ್ಲಿ ಮಂಡಕ್ಕಿ ತಂದುಕೊಟ್ಟ.

"ನಿಮ್ಮೂರಾಗೆ ತಿನ್ನೋದೂ ಹತ್ತಿಯಂಗೇ ಐತಲ್ರಿ," ಎಂದಳು, ಬಾಯಿ ತುಂಬ ಮಂಡಕ್ಕಿ ಇಟ್ಟುಕೊಂಡು.

ಅವನು ನಕ್ಕ. ನಗುವಾಗ ಕೆಮ್ಮಲಿಲ್ಲ. ಅದನ್ನವಳು ಗಮನಿಸಿದಳು, ಗಮನಿಸಿದ್ದನ್ನು ಅವನೂ ಗಮನಿಸಿದ. ಕೊಡ ತುಂಬಿ ಹೊರಗೆ ಚೆಲ್ಲಿದ್ದು ಇಬ್ಬರಿಗೂ ಕಾಣಲಿಲ್ಲ.

ಮರಳಿನ ಮೇಲಿನ ಮಾತು ಮನೆಯವರೆಗೆ ಬರಲು ಎಷ್ಟು ಹೊತ್ತು? ಸೋದರತ್ತೆ ಚೌಡವ್ವ ವಿಚಾರಿಸಿಕೊಂಡು ಬಂದಳು. ಹುಡುಗ ತಮ್ಮ ಪೈಕಿಯವನೇ, ಕುಡಿತವಿಲ್ಲ, ಕಾಯಂ ನೌಕರಿ. ಅಪ್ಪ ಗುತ್ತೆಪ್ಪ ಒಪ್ಪಿದ. ಇನ್ನು ಹುಡುಗನ ಮನೆ ನೋಡಿಬರುವುದು ಉಳಿಯಿತು.

"ನಾನೂ ಬರ್ತೀನಿ," ಎಂದಳು ಹುಲಿಗೆಮ್ಮ.

"ಮನಿ ನೋಡಾಕೆ ಹೆಣ್ಣೇ ಹೋಗೋದು ಯಾವ ಕಾಲದಾಗೈತೆ?" ಎಂದಳು ಚೌಡವ್ವ.

"ನೋಡಿ ಬರೋರು ನೀವು. ಬಾಳೋಳು ನಾನಲ್ಲೇನತ್ತೆ?"

ಹೋದಳು. ಮಿಲ್ಲಿನ ಹಿಂದಿನ ಸಾಲಿನಲ್ಲಿ ತಗಡು ಹೊದಿಸಿದ ಒಂದು ಕೋಣೆ. ಮಧ್ಯಾಹ್ನದ ತಗಡು ಟಿಕ್ಕು ಟಿಕ್ಕು ಎನ್ನುತ್ತಿತ್ತು. ಹೊರಗೆ ನಲ್ಲಿಯ ಮುಂದೆ ಕೊಡಗಳ ಸಾಲು ಇತ್ತು, ನೀರಿರಲಿಲ್ಲ. ಒಳಗೆ ಒಂದು ಕಿಟಕಿ, ಅದಕ್ಕೆ ಅಡ್ಡ ಹಲಗೆ ಇಟ್ಟು ಮೊಳೆ ಹೊಡೆದಿತ್ತು.

"ಇದ್ಯಾರು ಹೊಡೆದಿದ್ದು?"

"ನಾನೇ. ತೆರೆದ್ರೆ ಹತ್ತಿ ಧೂಳು ಒಳಗೆ ಬರ್ತೈತೆ."

ಚಾಪೆಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದ ಹಿರಿಯರ ಮುಂದೆಯೇ ಹುಲಿಗೆಮ್ಮ ಹೇಳಿದಳು, "ಈ ಮನಿಗೆ ನಾನು ಬರಲ್ಲ."

ಗುತ್ತೆಪ್ಪ ಬಟ್ಟಲು ಕೆಳಗಿಟ್ಟ. ಏಕಾಂತಪ್ಪನ ಮುಖ ಕೆಂಪೇರಿತು.

"ಈ ಸಾಲಿನಾಗೆ ಎಷ್ಟು ಜನ ಹೆಣ್ಮಕ್ಳು ಬಾಳ್ವಿ ಮಾಡ್ತಾರೆ. ನೀನೊಬ್ಬಳು ಯಾವ ಪಾಳೇಗಾರನ ಮಗಳು? ಗಾಳಿ ಉಂಡು ಬದುಕ್ತೀಯೇನು?"

"ಹಂಗಾದ್ರೆ ನೀವ್ಯಾಕೆ ಭಾನುವಾರ ಭಾನುವಾರ ನಮ್ಮೂರಿಗೆ ಓಡಿ ಬರ್ತೀರಿ? ಉಸಿರಾಡಾಕೆ ಬರ್ತೀರಿ. ಉಳಿದ ದಿನ ಉಸಿರು ಎಲ್ಲಿ ಕಟ್ಟಿಡ್ತೀರಿ? ನಂಗೆ ಮಕ್ಕಳಾದ್ರೆ ಅವನ್ನೂ ಈ ಹಲಗೆ ಹಿಂದೆ ಕೆಮ್ಮಿಸ್ಲಾ?"

"ಮಿಲ್ಲು ಬಿಟ್ಟು ಮರಳು ತಿನ್ನಾಕಾಗಲ್ಲ, ಹುಲಿಗೆಮ್ಮ."

"ಮಿಲ್ಲು ಬಿಡ್ರಿ ಅಂದವರ್ಯಾರು? ಹೆಣ್ಣು ಕೇಳಿದ್ರಿ. ಹೆಣ್ಣು ಎಲ್ಲಿರಬೇಕು ಅಂತ ಒಂದಿನ ಕೇಳಿದ್ರಾ?"

ಹಿಂದಿರುಗುವ ರೈಲು ಹರಿಹರ ಮುಟ್ಟಿದಾಗ ಚೌಡವ್ವ, "ಗಂಡು ಹೋತು. ಕಿಟಕಿ ಒಂದನ್ನೇ ಮದುವೆ ಆಗು," ಎಂದಳು.

ಭಾನುವಾರದ ರೈಲು ಬಂತು. ಅವನು ಬರಲಿಲ್ಲ. ಮುಂದಿನ ವಾರವೂ ಬರಲಿಲ್ಲ. ಹುಲಿಗೆಮ್ಮ ತಾನೇ ಮರಳು ತೋಡುತ್ತ ಮನಸ್ಸಿನಲ್ಲೇ ಅವನನ್ನು ಬೈದಳು. ಮೊದಲು ಕಿಟಕಿಗಾಗಿ, ಆಮೇಲೆ ಪಾಳೇಗಾರನ ಮಗಳೆಂದದ್ದಕ್ಕೆ. ಬೈಯುತ್ತ ಬೈಯುತ್ತ ಕೊನೆಗೆ ಉಳಿದದ್ದು ಒಂದೇ ಬೈಗುಳ: ಬರಲಿಲ್ಲವಲ್ಲ. ತಾನಾಡಿದ್ದರಲ್ಲಿ ತಪ್ಪಿರಲಿಲ್ಲ. ಆ ಕೋಣೆಗಂತೂ ಹೋಗುವವಳಲ್ಲ. ಆದರೆ ಆ ಹುಬ್ಬಿನ ಮೇಲಿನ ಹತ್ತಿಯನ್ನು ಈಗ ಯಾರು ತೆಗೆಯುತ್ತಾರೆ?

ಒಂದು ದಿನ, ವಾರದ ನಡುವೆ, ಸಂಜೆ ಹೊಳೆಗಿಳಿದಾಗ, ಅವಳ ಜಾಗದಲ್ಲಿ ಆಗಲೇ ಒಂದು ಒರತೆ ತಿಳಿಯಾಗಿ ನಿಂತಿತ್ತು. ಆಡು ಬಾಯಿ ಹಾಕದಂತೆ ಸುತ್ತ ಜಾಲಿಮುಳ್ಳು. ಪಕ್ಕದಲ್ಲಿ ಮರಳ ಮೇಲೆ ಒಂದು ಹಳೆಯ ಸೈಕಲ್ ಮಲಗಿತ್ತು, ಅದರ ಪಕ್ಕ ಏಕಾಂತಪ್ಪ ಕೂತಿದ್ದ. ಮುಖವೆಲ್ಲ ಬಿಸಿಲಿಗೆ ಬೆಂದು ಕಪ್ಪಾಗಿತ್ತು. ಸಿಟ್ಟೂ ಇಳಿದಿರಲಿಲ್ಲ.

"ಇವತ್ತು ಭಾನುವಾರ ಅಲ್ಲ," ಎಂದಳು.

"ಗೊತ್ತೈತೆ. ನಿಮ್ಮೂರ ಕೋಟೆ ಓಣಿಯಾಗೆ ಮನಿ ಹಿಡಿದೀನಿ. ವಾರದಿಂದ ಸೈಕಲ್ ಮೇಲೆ ಮಿಲ್ಲಿಗೆ ಹೋಗಿ ಬರ್ತಿದೀನಿ. ಬೆಳಿಗ್ಗೆ ಹೋಗೋವಾಗ ಸೂರ್ಯ ಎದುರಿಗೆ. ಸಂಜಿಗೆ ಬರೋವಾಗಲೂ ಎದುರಿಗೇ. ಎರಡು ಹೊತ್ತೂ ಮಕಕ್ಕೇ ಹೊಡಿತಾನೆ. ಎಲ್ಲ ನಿನ್ನಿಂದ."

"ವಾರದಿಂದ ಈ ಊರಾಗೇ ಇದ್ದು ಹೊಳಿಗೆ ಬರಲಿಲ್ಲೇನು?" ಅವಳು ಕೊಡವನ್ನು ಮರಳಿಗೆ ಕುಕ್ಕಿದಳು. "ನಾನಿಲ್ಲಿ ದಿನಾ ಒಬ್ಬಳೇ ಮರಳು ತೋಡ್ತಿದ್ದೆ."

"ಸೈಕಲ್ ಹೊಡೆಯೋಕೆ ಕಾಲು ತಡೀತಾವೋ ಇಲ್ಲೋ, ನೋಡಬೇಕಿತ್ತು. ತಡೀದಿದ್ರೆ ಬಂದು ಏನಂತ ಹೇಳ್ಲಿ ನಿಂಗೆ?" ಅವನು ಮರಳು ನೋಡುತ್ತ ಹೇಳಿದ. "ಆ ಮನಿ ಕಿಟಕಿಗೆ ಬಾಗಿಲೇ ಇಲ್ಲ. ಹೊಳಿಗಾಳಿಗೆ ದೀಪ ನಿಲ್ಲಲ್ಲ. ಮಳಿಗಾಲಕ್ಕೆ ಗೋಣಿತಟ್ಟು ನೀನೇ ಕಟ್ಟು."

ಹುಲಿಗೆಮ್ಮ ಒರತೆಯಿಂದ ಚೆಂಬು ತುಂಬಿಕೊಂಡಳು. ಕುಡಿಯಲೆಂದು ಅವನು ಬೊಗಸೆ ಒಡ್ಡಿದ.

"ಮೊದ್ಲು ಕಾಲು ಚಾಚ್ರಿ."

"ಕುಡಿಯೋ ನೀರು ಅಂತಿದ್ದೆ?"

"ಮನಿಗೆ ಬಂದೋರಿಗೆ ಕಾಲಿಗೆ ನೀರು ಕೊಡೋದು ನಮ್ಮ ಪದ್ಧತಿ. ಸುಮ್ನೆ ಚಾಚ್ರಿ."

ಪೆಡಲ್ ತುಳಿದು ಬೊಬ್ಬೆಯೆದ್ದ ಪಾದಗಳ ಮೇಲೆ ತಿಳಿನೀರು ಸಣ್ಣಗೆ ಬಿತ್ತು. ಅವನು ಕಣ್ಣು ಮುಚ್ಚಿದ. ಆಗ ಅವಳು ಒದ್ದೆ ಬೆರಳಿನಿಂದ ಅವನ ಹುಬ್ಬಿನ ಮೇಲಿದ್ದ ಹತ್ತಿಯ ಎಳೆಯನ್ನು ತೆಗೆದು ಗಾಳಿಗೆ ಬಿಟ್ಟಳು.

"ತಂಪಾಗೈತಾ?" ಎಂದಳು, ಇನ್ನೂ ಗದರುವ ದನಿಯಲ್ಲೇ.