ಕಡವೆ ಬೇಟೆಗೆ ಹೊರಟವನು

“ಹಂಗೆ ಹಿಡ್ಕಂಡ್ರೆ ಕಡವೆ ಸಾಯಲ್ಲ, ನಿಮ್ಮ ಭುಜ ಮುರೀತದೆ.”

ರವಿಚಂದ್ರ ಬೆಚ್ಚಿ ತಿರುಗಿದ. ಕಾಫಿ ಕಣದ ಅಂಚಿನಲ್ಲಿ ಒಬ್ಬಳು ನಿಂತಿದ್ದಳು. ಸೊಂಟಕ್ಕೆ ಒತ್ತಿಕೊಂಡ ಮೊರದ ತುಂಬ ಮೆಣಸಿನಕಾಯಿ, ತುಟಿಯ ತುದಿಯಲ್ಲಿ ಅಡಗಿಸಲು ನೋಡುತ್ತಿದ್ದ ನಗು.

“ನಿಮ್ಮ ತಂದೆ ಕೋವಿ ಕೈಗೆ ಕೊಟ್ಟು ಒಳಗೆ ಹೋದ್ರು, ಹಿಡಿಯೋದು ಹೇಗೆ ಅಂತ ಹೇಳಲೇ ಇಲ್ಲ,” ಎಂದ. “ಮಗಳು ಹೇಳಿಕೊಟ್ರೆ ಕಲೀತೀನಿ.”

ನಗು ಹಾಗೇ ಆರಿಹೋಯಿತು.

“ಅವ್ರು ನಮ್ಮ ಮಾವ. ಆ ಕೋವಿ ನಮ್ಮನೆಯವರದ್ದು. ಅವ್ರು ಹೋಗಿ ನಾಲ್ಕು ವರ್ಷ ಆಯ್ತು.”

ಅವನು ಕೋವಿ ಕೆಳಗಿಳಿಸಿದ. ಅವಳು ಮೊರ ಕೆಳಗಿಟ್ಟು ಹತ್ತಿರ ಬಂದಳು. ಕೋವಿಯ ಹಿಂಬದಿಯನ್ನು ಅವನ ಭುಜದ ಗುಳಿಗೆ ಒತ್ತಿ, “ಇಲ್ಲಿ. ಇನ್ನೂ ಗಟ್ಟಿಯಾಗಿ. ಈಗ ಉಸಿರು ಹಿಡ್ಕಳಿ,” ಎಂದಳು.

ಉಸಿರು ಆಗಲೇ ನಿಂತಿತ್ತು.

ಅದು ತೊಂಬತ್ತೈದರ ಮಾರ್ಚ್. ಹೆಗ್ಗದ್ದೆಯ ತೋಟಗಳಲ್ಲಿ ಕಾಫಿ ಹೂ ಬಿಟ್ಟಿತ್ತು. ಮಕ್ಕಳಿಲ್ಲದ ಸೋದರಮಾವನ ತೋಟ ರವಿಚಂದ್ರನ ಪಾಲಿಗೆ ಬಂದು ವರ್ಷವಾಗಿದ್ದರೂ ಊರಿಗೆ ಅವನಿನ್ನೂ ‘ಹಾಸನದ ಹುಡುಗ’ನೇ. ಪಕ್ಕದ ತೋಟದ ಜವರಯ್ಯ ಒಬ್ಬರೇ ಅವನನ್ನು ಕರೆದು ಕೂರಿಸಿ ಮಾತಾಡಿಸುತ್ತಿದ್ದರು. ಜವರಯ್ಯನವರ ಮಗ ತೀರಿಕೊಂಡ ಮೇಲೆ ನಿಂತಿದ್ದ ಬೇಟೆಯನ್ನು ಊರಿನವರು ಆ ಸಲ ಮತ್ತೆ ಹೊರಡಿಸಿದ್ದರು. ಫಾರೆಸ್ಟಿನವರು ಕೇಳಿದರೆ ಹಂದಿ ಓಡಿಸಲು ಹೋಗಿದ್ದೆವು ಎನ್ನುವುದು, ಮನಸ್ಸಿನಲ್ಲಿದ್ದದ್ದು ಕಡವೆ.

“ನಾನು ಬರಾಕಿಲ್ಲ. ನಮ್ಮನೆ ಕೋವಿ ನೀನೇ ತಗಂಡು ಹೋಗಪ್ಪ,” ಎಂದಿದ್ದರು ಜವರಯ್ಯ. ಆ ‘ನಮ್ಮನೆ’ ಎಂಬ ಮಾತಿಗೆ ರವಿಚಂದ್ರ ಕರಗಿಹೋಗಿದ್ದ.

ಮಾರನೆಯ ದಿನದಿಂದ ಜವರಯ್ಯನವರ ಸೊಸೆ ಬಿಂದುಶ್ರೀ ಅವನಿಗೆ ಗುರುವಾದಳು. ಗಂಡನ ಜೊತೆ ತೋಟ ಸುತ್ತಿ ಕಲಿತದ್ದನ್ನೆಲ್ಲ ನೆನಪಿಸಿಕೊಂಡು ಹೇಳಿಕೊಟ್ಟಳು. ಬೇಲಿಯ ಮೇಲೆ ಡಾಲ್ಡಾ ಡಬ್ಬ ಇಟ್ಟು ಗುರಿ ಹಿಡಿಸಿದಳು. ಡಬ್ಬ ಬಿಟ್ಟು ಬೇಲಿ ಕಂಬಕ್ಕೇ ಗುಂಡು ತಗುಲಿದಾಗ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅತ್ತೆ ದೇವೀರಮ್ಮ ಆ ಸದ್ದಿಗೆ ಅಡುಗೆಮನೆಯಿಂದ ಬಂದು ಬಾಗಿಲಲ್ಲೇ ನಿಂತುಬಿಟ್ಟರು. ಸೊಸೆ ನಕ್ಕದ್ದನ್ನು ಕೇಳಿ ಎಷ್ಟು ಕಾಲವಾಗಿತ್ತೋ.

“ಬೇಟೆ ದಿನ ಗಂಧದ ಸೋಪು ಹಾಕ್ಬೇಡಿ ಮತ್ತೆ,” ಎಂದಳು ಒಮ್ಮೆ, ಕೋವಿಯ ನಳಿಗೆಗೆ ಎಣ್ಣೆಬಟ್ಟೆ ಎಳೆಯುತ್ತ.

“ಕಡವೆ ಓಡಿಹೋಗುತ್ತಾ?”

“ಇಲ್ಲ. ಮದುವೆ ಗಂಡು ಬಂದ ಅಂತ ನಗ್ತದೆ.”

“ನಾನು ಸೋಪು ಹಾಕ್ತೀನಿ ಅಂತ ನಿಮಗೆ ಹೇಗೆ ಗೊತ್ತು?”

ಕಿವಿ ಕೆಂಪಾದದ್ದು ಕಾಣದಿರಲೆಂದು ತಲೆ ಇನ್ನೂ ಬಗ್ಗಿಸಿ, ಆಗಲೇ ಫಳಫಳಿಸುತ್ತಿದ್ದ ನಳಿಗೆಯನ್ನೇ ಉಜ್ಜಿದಳು. ರವಿಚಂದ್ರ ಅವಳ ಬೆರಳುಗಳನ್ನೇ ನೋಡುತ್ತ ಕುಳಿತ. ಬೇಟೆಯ ದಿನ ಹತ್ತಿರ ಬಂದಂತೆ ಅವನಿಗೆ ಕಡವೆಯ ಯೋಚನೆ ಕಡಿಮೆಯಾಗುತ್ತ ಹೋಯಿತು.

ಅವಳಿಗೆ ಹಾಗಾಗಲಿಲ್ಲ. ಅವನು ಕಲಿಯುತ್ತ ಬಂದಂತೆ ಅವಳ ಮಾತು ಕಡಿಮೆಯಾಯಿತು. ಬೇಟೆಯ ಹಿಂದಿನ ದಿನ ಅವನು ಹಾರಿಸಿದ ಮೊದಲ ಗುಂಡಿಗೇ ಡಬ್ಬ ಹಾರಿಬಿತ್ತು. ಅವನು ಹಿಗ್ಗಿ ತಿರುಗಿದರೆ ಅವಳ ಕಣ್ಣಲ್ಲಿ ನೀರು.

“ಹೋಗ್ಬೇಡಿ,” ಎಂದಳು.

“ಏನಾಯ್ತು?”

“ಅವ್ರು ಹೆಂಗೆ ಹೋದ್ರು ಅಂತ ಗೊತ್ತಾ ನಿಮಗೆ? ಪೊದೆ ಅಲ್ಲಾಡ್ತು ಅಂತ ಯಾರೋ ಹೊಡೆದ್ಬುಟ್ರು. ಯಾರ ಗುಂಡು ಅಂತ ಇವತ್ತಿಗೂ ಯಾರೂ ಬಾಯಿ ಬಿಟ್ಟಿಲ್ಲ. ಅದೇ ಜನ, ಅದೇ ಕಾಡು. ಜ್ವರ ಅಂತ ಹೇಳಿ. ನಿಮಗೆ ಕೈ ಮುಗೀತೀನಿ.”

ಅವನು ಸುತ್ತ ನೋಡಿ, ಮೊದಲ ಸಲ ಅವಳ ಕೈ ಹಿಡಿದ.

“ನಾಳೆ ಒಂದು ದಿನ, ಬಿಂದು ಅವರೇ. ಬಂದ ತಕ್ಷಣ ನಿಮ್ಮ ಮಾವನವರ ಹತ್ರ ನಿಮ್ಮನ್ನ ಕೇಳ್ತೀನಿ. ಅವರು ನಂಬಿ ಕೋವಿ ಕೊಟ್ಟಿದ್ದಾರೆ. ಈಗ ಹೆದರಿ ಹಿಂದೆ ಸರಿದ್ರೆ ಯಾವ ಮುಖ ಇಟ್ಕೊಂಡು ಕೇಳಲಿ?”

ಎಷ್ಟೋ ದಿನದಿಂದ ಅವಳು ಕಾದಿದ್ದ ಮಾತು ಅದು. ಆದರೂ ಅವಳು ಮೆಲ್ಲಗೆ ಕೈ ಬಿಡಿಸಿಕೊಂಡು ಒಳಗೆ ಹೋದಳು.

ಬೇಟೆ ಎಲ್ಲರೂ ಅಂದುಕೊಂಡಂತೆಯೇ ನಡೆಯಿತು. ತಮಟೆ ಬಡಿದು ಕೂಗುತ್ತ ಜನ ಒಂದು ಬದಿಯಿಂದ ಕಾಡಿಗೆ ನುಗ್ಗಿದರು. ಹಳ್ಳದ ದಡದಲ್ಲಿ ಕಾದಿದ್ದ ರವಿಚಂದ್ರನ ಎದುರಿಗೇ ದೊಡ್ಡ ಕೊಂಬಿನ ಗಂಡು ಕಡವೆ ಬಂದು ನಿಂತಿತು. ಒದ್ದೆ ಮೂಗು, ಅಗಲ ಕಿವಿ. ಕೋವಿಯನ್ನು ಭುಜದ ಗುಳಿಗೆ ಒತ್ತಿ, ಉಸಿರು ಹಿಡಿದ. ಅವಳು ಕಲಿಸಿದ ಹಾಗೆಯೇ.

ಒಂದೇ ಗುಂಡಿಗೆ ಅದು ಮುಗ್ಗರಿಸಿ ಬಿತ್ತು. ಜನ ಅವನನ್ನು ಎತ್ತಿ ಕುಣಿಸಿದರು. “ನಮ್ಮೂರ ಗಂಡು ಕಣ್ರೋ!” ಎಂದು ಯಾರೋ ಕೂಗಿದರು.

ಸಂಜೆ ಅವನು ಓಡಿದಂತೆಯೇ ಜವರಯ್ಯನವರ ಮನೆಗೆ ಬಂದ. ಕೋವಿ ಒಪ್ಪಿಸಿ, ಕೂರದೆಯೇ ಕೇಳಿಬಿಟ್ಟ. ಜವರಯ್ಯ ಕೋವಿಯನ್ನು ಗೋಡೆಗೆ ಒರಗಿಸಿದರು. ಆಮೇಲೆ ಹೆಗಲಮೇಲಿನ ಟವೆಲಿನಿಂದ ಕಣ್ಣು ಒರೆಸಿಕೊಂಡರು.

“ನಂದೇನೂ ಅಡ್ಡಿ ಇಲ್ಲ ಕಣಪ್ಪ. ಅವಳೂ ಎಷ್ಟು ದಿನ ಹಿಂಗೇ ಇರ್ತಾಳೆ? ಊರೋರು ಏನಾರ ಅಂದ್ರೆ ನಾನು ನೋಡ್ಕತೀನಿ. ಆದ್ರೆ ಅವಳಿಲ್ಲ.”

“ಇಲ್ಲ ಅಂದ್ರೆ?”

ದೇವೀರಮ್ಮ ಬಾಗಿಲಿಗೆ ಒರಗಿ ಹೇಳಿದರು. “ಕಾಡಿನ ಕಡೆಯಿಂದ ಈಡಿನ ಸದ್ದು ಕೇಳ್ತು ನೋಡು, ಕೈಲಿದ್ದ ಬಿಂದಿಗೆ ಬುಟ್ಟು ಅಂಗಳದಲ್ಲೇ ಕುಂತ್ಬುಟ್ಲು. ಎದ್ದೇಳವ್ವ ಅಂದ್ರೂ ಏಳ್ಲಿಲ್ಲ. ನೀನು ಚೆನ್ನಾಗಿದ್ದೀಯ ಅಂತ ಸುದ್ದಿ ಬಂದ ಮೇಲೆ ಎದ್ದು, ಮುಖ ತೊಳ್ಕಂಡು, ಆಲೂರಿಗೆ ಅಣ್ಣನ ಮನೆಗೆ ಹೋಗ್ಬತ್ತೀನಿ ಅತ್ತೆ ಅಂದ್ಲು. ತಡೆಯಾಕೆ ನಂಗೂ ಮನಸ್ಸು ಬರ್ಲಿಲ್ಲ.”

ಮರುದಿನ ರವಿಚಂದ್ರ ಆಲೂರಿಗೆ ಹೋದ. ಅವಳ ಅಣ್ಣನ ಮನೆ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿತ್ತು. ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದವಳು ಅವನನ್ನು ಕಂಡು ಅಡಿಯಿಂದ ಮುಡಿಯವರೆಗೆ ನೋಡಿದಳು. ಗಾಯವೇನಾದರೂ ಇದೆಯೇ ಎಂದು ಹುಡುಕಿದಂತೆ.

“ಮಾವನವರು ಒಪ್ಪಿದ್ರು,” ಎಂದ. “ಇನ್ನು ಜನ್ಮದಲ್ಲಿ ಕೋವಿ ಮುಟ್ಟಲ್ಲ. ಬನ್ನಿ.”

“ನೀವು ಮುಟ್ಟಲ್ಲ, ಗೊತ್ತು.” ಅವಳು ಸೀರೆಯ ಅಂಚನ್ನು ತಂತಿಯ ಮೇಲೆ ನೇರ ಮಾಡಿದಳು. “ಆದ್ರೆ ನೀವು ತೋಟಕ್ಕೆ ಹೋಗಿ ಬರೋದು ತಡ ಆದ್ರೂ ನಾನು ಆ ಅಂಗಳದಲ್ಲೇ ಕೂತಿರ್ತೀನಿ. ಬಾಳ್ಳುಪೇಟೆ ಸಂತೆಗೆ ಹೋದ್ರೂ ಅಷ್ಟೇ. ನಿನ್ನೆ ಅಲ್ಲಿ ಕೂತಿದ್ದಾಗ ನೀವು ನನ್ನ ಪಾಲಿಗೆ ಸತ್ತೇ ಹೋಗಿದ್ರಿ. ಅಳು ಕೂಡ ಬರ್ಲಿಲ್ಲ. ಇನ್ನೊಂದ್ಸಲ ನನ್ನ ಕೈಲಿ ಆಗಲ್ಲ.”

“ನಾನು ಬದುಕಿದ್ದೀನಲ್ಲ, ಬಿಂದು!”

“ಹೂಂ. ಬದುಕಿರಿ. ಅಷ್ಟು ಸಾಕು ನಂಗೆ.”

ಅವನು ತಂತಿಯ ಮೇಲಿನ ಸೀರೆ ಸರಿಸಿ ಅವಳ ಎದುರಿಗೆ ನಿಂತ. “ನನ್ನ ಮೇಲೆ ನಿಮಗೆ ಮನಸ್ಸೇ ಇರಲಿಲ್ವಾ?”

ಅವಳು ಅವನ ಮುಖವನ್ನೇ ನೋಡಿದಳು, ಈ ಸಲ ತಲೆ ಬಗ್ಗಿಸದೆ.

“ಇಲ್ದಿದ್ರೆ ನಿಮ್ಮ ಜೊತೆ ಬಂದ್ಬುಡ್ತಿದ್ದೆ,” ಎಂದಳು.

ಬೀದಿಯ ಕಡೆಯಿಂದ ಸಕಲೇಶಪುರದ ಬಸ್ಸಿನ ಹಾರ್ನ್ ಕೇಳಿಸಿತು. ಅವನು ಕದಲಲಿಲ್ಲ. ಅವಳೇ ಮುಂದೆ ಬಂದು ಒಂದು ಕ್ಷಣ ಅವನ ಎದೆಯ ಮೇಲೆ ಅಂಗೈ ಇಟ್ಟಳು. ಒಳಗಿನ ಬಡಿತ ಕೈಗೆ ಸಿಕ್ಕಮೇಲೆ ತೆಗೆದಳು.

“ಬಸ್ಸು ಬಂತು. ಹೋಗು ರವಿ,” ಎಂದಳು.

ಅವಳು ಅವನನ್ನು ಏಕವಚನದಲ್ಲಿ ಕರೆದದ್ದು ಅದೊಂದೇ ಸಲ.