ಇಪ್ಪತ್ತೊಂದು ಕಾಫಿ ಉಂಡೆ

ಕರಾರು ಇಷ್ಟೇ: ಒಂದು ಕಡೆ ಇಪ್ಪತ್ತೊಂದು ಕಾಫಿ ಉಂಡೆ, ಇನ್ನೊಂದು ಕಡೆ ಹದಿಮೂರು ಜನರ ಪ್ರಾಣ. ಉಂಡೆ ಸರಿಯಾಗಿ ಬಂದರೆ ಹದಿಮೂರು ಜನ ಮನೆಗೆ ಬರುತ್ತಾರೆ. ಸರಿಯಾಗದಿದ್ದರೆ ಹದಿನಾಲ್ಕನೆಯವಳೂ ಅವರ ಪಕ್ಕ ಹೋಗಿ ಸೇರುತ್ತಾಳೆ.

ಬಹಳ ಹಿಂದೆ, ಹೊನ್ನೆತೀರವೆಂಬ ಕಡಲತಡಿಯ ರಾಜ್ಯದಲ್ಲಿ ಧೂಮಕಂಠನೆಂಬ ಮಾಂತ್ರಿಕನಿದ್ದ. ಊರಾಚೆಯ ಗುಡ್ಡದ ಮೇಲೆ ಅವನ ಮನೆ. ಅವನಿಗೆ ಹಣದ ಆಸೆ ಇರಲಿಲ್ಲ, ರಾಜ್ಯದ ಆಸೆಯೂ ಇರಲಿಲ್ಲ. ಇದ್ದದ್ದು ಎರಡೇ, ಬಾಯಿಚಪಲ ಮತ್ತು ಪಂದ್ಯದ ಚಟ. ಒಮ್ಮೆ ಇಟಲಿ ಸೀಮೆಯ ಹಡಗೊಂದರಲ್ಲಿ ಅವನು ಕಾಫಿ ಹಾಕಿದ ಸಿಹಿಯುಂಡೆ ತಿಂದಿದ್ದ. ಕಹಿಯೂ ಸಿಹಿಯೂ ಒಂದೇ ತುತ್ತಿನಲ್ಲಿ. ಅವತ್ತಿನಿಂದ ಊರಿನ ಅಡುಗೆಯವರೆಲ್ಲರ ಜೊತೆ ಪಂದ್ಯ ಕಟ್ಟುತ್ತ ಬಂದ: "ಮನೆಯಲ್ಲೇ ಮಾಡಬೇಕು, ಕೊಂಡು ತರಬಾರದು. ಮೂರು ದಿನ, ಮೂರು ತಟ್ಟೆ, ತಟ್ಟೆಗೆ ಇಪ್ಪತ್ತೊಂದು ಉಂಡೆ. ಒಂದಾದರೂ ರುಚಿಯಾಗಿದ್ದರೆ ನಾನು ಸೋತೆ. ಮೂರೂ ಕೆಟ್ಟರೆ ನೀವು ನನ್ನ ಅಡುಗೆಮನೆಯ ಪಾತ್ರೆ." ಕರಾರಿಗೆ ರಾಜನ ಮುದ್ರೆ ಬಿದ್ದಿತ್ತು. ಕೊನೆಯಲ್ಲಿ ಒಂದು ಸಾಲು: ತಿಂದವನು ರುಚಿಯ ವಿಷಯದಲ್ಲಿ ಸುಳ್ಳು ಹೇಳಿದರೆ ಅವನ ನಾಲಿಗೆ ಉದುರತಕ್ಕದ್ದು.

ಹದಿಮೂರು ಜನ ಮಾಡಿದರು, ಹದಿಮೂರು ಜನ ಸೋತರು. ಒಬ್ಬ ಹಂಡೆಯಾದ. ಒಬ್ಬ ಜರಡಿಯಾದ. ಹದಿಮೂರನೆಯವನು ಸಿಂಗಣ್ಣ, ಪೇಟೆಬೀದಿಯ ಮಿಠಾಯಿಯವನು. ಅವನು ಒರಳಾದ.

ಸಿಂಗಣ್ಣನಿಗೆ ಒಬ್ಬಳೇ ತಂಗಿ, ದೇವೀರಿ. ಅವ್ವ ಸತ್ತಾಗ ಅವಳಿಗೆ ನಾಲ್ಕು ವರ್ಷ. ಅಂದಿನಿಂದ ಅನ್ನ ಕಲಸಿ ಬಾಯಿಗಿಟ್ಟವನು ಅಣ್ಣನೇ. ಅವಳು ಗುಡ್ಡ ಹತ್ತಿ ನೋಡಿದಾಗ ಮಾಂತ್ರಿಕನ ಆಳು ಆ ಒರಳಿನಲ್ಲಿ ಒಣಮೆಣಸಿನಕಾಯಿ ಕುಟ್ಟುತ್ತಿದ್ದ. ಒಂದೊಂದು ಪೆಟ್ಟಿಗೂ ಕಲ್ಲು ಸಣ್ಣಗೆ ನರಳುತ್ತಿತ್ತು. ದೇವೀರಿ ಅಳಲಿಲ್ಲ. ನೇರ ಒಳಗೆ ಹೋಗಿ ಕರಾರಿಗೆ ಹೆಬ್ಬೆಟ್ಟು ಒತ್ತಿದಳು.

"ನಿಮ್ಮಣ್ಣನಿಗಿಂತ ನೀನು ಕೈಗುಣದವಳೇನಮ್ಮಾ?" ಎಂದು ಧೂಮಕಂಠ ನಕ್ಕ.

"ಗೊತ್ತಿಲ್ಲ ಸ್ವಾಮಿ. ನಿಮಗೆ ಹೊಟ್ಟೆ ಹಸಿದಿರಲಿ ಸಾಕು."

ಬಂದರಿನ ಬೀದಿಯಲ್ಲಿ ಇಟಲಿ ಸೀಮೆಯ ಮುದುಕಿಯೊಬ್ಬಳಿದ್ದಳು. ಹೆಸರು ಲೂಚಿಯಾ. ಮೂವತ್ತು ವರ್ಷದ ಹಿಂದೆ ಹಡಗು ಮುಳುಗಿ, ಗಂಡ ಸತ್ತು, ಇಲ್ಲೇ ಉಳಿದವಳು. ಊರಿಗೆಲ್ಲ ಲೂಚಜ್ಜಿ. ದೇವೀರಿ ಹೋಗಿ ವಿಷಯ ಹೇಳಿದಳು.

"ಟಿರಾಮಿಸು ಉಂಡೆ," ಎಂದಳು ಅಜ್ಜಿ. "ನಮ್ಮಲ್ಲಿ ತಟ್ಟೆಯಲ್ಲಿ ಪದರಪದರವಾಗಿ ಹಾಕ್ತಾರೆ. ಹಡಗಿನಲ್ಲಿ ತಟ್ಟೆ ನಿಲ್ಲಬೇಕಲ್ಲ, ಅದಕ್ಕೇ ಉಂಡೆ. ಕಷ್ಟವೇನಿಲ್ಲ ಕಣೇ. ಬೆರಳಿನಷ್ಟುದ್ದ ಬಿಸ್ಕತ್ತು ಪುಡಿ ಮಾಡು. ಗಟ್ಟಿ ಡಿಕಾಕ್ಷನ್‌ನಲ್ಲಿ ನೆನೆಸು. ಗಟ್ಟಿ ಕೆನೆ, ಸಕ್ಕರೆ ಹಾಕಿ ಕಲಸು. ತಣ್ಣಗೆ ಮಾಡಿ ಉಂಡೆ ಕಟ್ಟು. ಕೊಕೊ ಪುಡಿಯಲ್ಲಿ ಹೊರಳಿಸು. ಮುಗೀತು. ಬಿಸ್ಕತ್ತು ನಾನು ಸುಟ್ಟುಕೊಡ್ತೀನಿ, ಕೊಕೊ ನನ್ನ ಡಬ್ಬಿಯಲ್ಲಿದೆ."

"ಮತ್ತಿನ್ನೇನು ಬೇಕು?"

"ಕಾಫಿ, ಕೆನೆ, ತಂಪು. ಅವು ಮೂರೂ ಈ ರಾಜ್ಯದಲ್ಲಿ ಮೃಗಗಳ ಕೈಯಲ್ಲಿವೆ. ಅವು ಪುಕ್ಕಟೆ ಕೊಡಲ್ಲ."

ದೇವೀರಿ ಮೊದಲು ಕಾಫಿ ಕಾಡಿಗೆ ಹೋದಳು. ಅಲ್ಲೊಂದು ಮಾತಾಡುವ ಕರಡಿ ಹಣ್ಣಾದ ಗಿಡಗಳ ನಡುವೆ ಕೂತಿತ್ತು.

"ಒಂದು ಸೇರು ಕಾಫಿ ಬೀಜ ಬೇಕು, ಕರಡಿಯಪ್ಪ."

"ಏನು ಕೊಡ್ತೀಯ?"

"ಏನು ಕೇಳ್ತೀಯ?"

"ನಿನ್ನ ನಾಲಿಗೆಯಿಂದ ಬೆಲ್ಲದ ಸಿಹಿ. ನನಗೆ ಜೇನು ಬೇಸರವಾಗಿದೆ."

ದೇವೀರಿ ನಾಲಿಗೆ ಚಾಚಿದಳು. ಕರಡಿ ಉಗುರಿನ ತುದಿಯಿಂದ ಕೂದಲೆಳೆಯಂಥದೊಂದನ್ನು ಎಳೆದು ಬಾಯಿಗೆ ಹಾಕಿಕೊಂಡಿತು. ಬೀಜ ಕೈಗೆ ಬಂತು. ದಾರಿಯಲ್ಲಿ ಮಡಿಲಲ್ಲಿದ್ದ ಅಚ್ಚುಬೆಲ್ಲ ಕಚ್ಚಿ ನೋಡಿದಳು. ಮಣ್ಣು ಕಚ್ಚಿದ ಹಾಗಿತ್ತು. ಎಸೆದು ಮುಂದೆ ನಡೆದಳು.

ಎರಡನೆಯದು ಮುಕ್ಕೊಂಬಿನ ಎಮ್ಮೆ. ಅದು ಕೆರೆಯಲ್ಲಿ ಮಲಗಿತ್ತು, ಅದರ ಹಾಲಿಗೆ ಮೂರು ಬೆರಳು ದಪ್ಪ ಕೆನೆ.

"ಒಂದು ಬಿಂದಿಗೆ ಕೆನೆ ಬೇಕು, ಎಮ್ಮೆಯವ್ವ."

"ಏನು ಕೊಡ್ತೀಯ?"

"ಏನು ಕೇಳ್ತೀಯ?"

"ಹಾಲಿನ ಸಿಹಿ. ನಾನು ಹುಟ್ಟಿದಾಗಿನಿಂದ ಹಾಲು ಕೊಡ್ತಾ ಇದ್ದೀನಿ, ಅದರ ರುಚಿ ಹೇಗಿರುತ್ತೆ ಅಂತ ನನಗೇ ಗೊತ್ತಿಲ್ಲ."

ಕೇಳಿದ್ದು ನ್ಯಾಯವಾಗಿಯೇ ಇತ್ತು. ದೇವೀರಿ ಕೊಟ್ಟಳು. ಎಮ್ಮೆ ನಾಲಿಗೆಯಿಂದ ನಾಲಿಗೆಗೆ ಎಳೆದುಕೊಂಡು ಕಣ್ಣು ಮುಚ್ಚಿತು.

ಮೂರನೆಯದು ಹಿಮಸರ್ಪ. ಪಾಳುಬಾವಿಯ ತಳದಲ್ಲಿ ಸುರುಳಿ ಸುತ್ತಿ ಮಲಗಿತ್ತು, ಬಾವಿಯ ಕಲ್ಲುಗಳಿಗೆಲ್ಲ ಹಿಮ ಕಟ್ಟಿತ್ತು.

"ಉಂಡೆ ತಣ್ಣಗಿಡಲಿಕ್ಕೆ ನಿನ್ನ ಮೈಯ ಒಂದು ಹುರುಪೆ ಬೇಕು, ನಾಗಪ್ಪ."

"ಉಳಿದ ಸಿಹಿಯನ್ನೆಲ್ಲ ಕೊಡು. ಹಣ್ಣು, ಜೇನು, ಕಬ್ಬು, ಸಕ್ಕರೆ, ಎಲ್ಲ."

"ಮಾವಿನಹಣ್ಣು ಒಂದು ಬಿಡು. ನಮ್ಮಣ್ಣ ಬೇಸಿಗೆಗೆ ಹೆಚ್ಚಿ ಕೊಡ್ತಾನೆ."

"ಚಿಲ್ಲರೆ ವ್ಯಾಪಾರ ನನ್ನದಲ್ಲ," ಎಂದಿತು ಸರ್ಪ.

ಬೇರೆ ಅಂಗಡಿಯಲ್ಲಿ ತಂಪು ಸಿಗುವಂತಿದ್ದರೆ ಅವಳು ಎದ್ದು ಬರುತ್ತಿದ್ದಳು. ಸಿಗುವುದಿಲ್ಲವೆಂದು ಸರ್ಪಕ್ಕೂ ಗೊತ್ತಿತ್ತು. ಕೊಟ್ಟಳು. ಅಂಗೈಯಗಲದ ಬಿಳಿ ಹುರುಪೆಯೊಂದನ್ನು ಎಲೆಯಲ್ಲಿ ಸುತ್ತಿಕೊಂಡು ಮನೆಗೆ ಬಂದಳು. ಈಗ ಅವಳ ನಾಲಿಗೆಗೆ ಉಪ್ಪು ಗೊತ್ತು, ಹುಳಿ ಗೊತ್ತು, ಖಾರ ಗೊತ್ತು, ಕಹಿ ಚೆನ್ನಾಗಿ ಗೊತ್ತು. ಸಿಹಿ ಇಲ್ಲ.

ಮೊದಲ ದಿನ ಕಾಫಿ ಬೀಜ ಹುರಿದು, ಬೀಸಿ, ಗಟ್ಟಿ ಡಿಕಾಕ್ಷನ್ ಇಳಿಸಿದಳು. ಕೆನೆ ಕಾಯಿಸಿ, ನಿಂಬೆರಸ ಹಿಂಡಿ, ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದಳು. ಬಿಸ್ಕತ್ತಿನ ಪುಡಿ, ಸಕ್ಕರೆ ಸೇರಿಸಿ ಕಲಸಿದಳು. ಆಮೇಲೆ ಈ ಊರಿನ ಹೆಂಗಸು ಮಾಡುವುದನ್ನೇ ಮಾಡಿದಳು. ಅಂಗೈಗೆ ತುಪ್ಪ ಸವರಿಕೊಂಡು, ಬೇಸನ್ ಉಂಡೆ ಕಟ್ಟಿದ ಹಾಗೆ, ಒಲೆಯ ಪಕ್ಕ ಕೂತು ಬಿಸಿಬಿಸಿ ಕೈಯಲ್ಲಿ ಒತ್ತಿ ಒತ್ತಿ ಕಟ್ಟಿದಳು. ಕೆನೆ ಕರಗಿತು. ಕೋಣೆಯಲ್ಲಿಟ್ಟಿದ್ದ ಹುರುಪೆಯ ನೆನಪಾಗುವಷ್ಟರಲ್ಲಿ ಮಾಂತ್ರಿಕ ಬಾಗಿಲಲ್ಲಿದ್ದ. ತಟ್ಟೆಯಲ್ಲಿದ್ದದ್ದು ಉಂಡೆಯಲ್ಲ, ಕೆಸರು.

"ಇದನ್ನು ಕುಡಿಯಬೇಕೋ, ಗೋಡೆಗೆ ಮೆತ್ತಬೇಕೋ?" ಎಂದ ಧೂಮಕಂಠ. ಒಂದು ತಟ್ಟೆ ಕೆಟ್ಟದ್ದಕ್ಕೆ ಅವಳ ಕಾಲುಗಳು ಮೊಣಕಾಲಿನವರೆಗೂ ಕಂಚಾದವು.

ಲೂಚಜ್ಜಿ ಬಂದು ಬೈದಳು. "ಲಾಡು ಕಟ್ಟೋಕೆ ಕೂತಿದ್ದೀಯೇನೇ? ಕೈ ತಣ್ಣೀರಲ್ಲಿ ಅದ್ದು. ಒಲೆಯಿಂದ ದೂರ ಕೂತ್ಕೋ. ಮೊದಲು ಮುದ್ದೆಯನ್ನ ಹುರುಪೆ ಮೇಲಿಡು, ಗಟ್ಟಿಯಾದ ಮೇಲೆ ಕಟ್ಟು."

ಎರಡನೆಯ ದಿನ ಹಾಗೆಯೇ ಮಾಡಿದಳು. ಇಪ್ಪತ್ತೊಂದು ಉಂಡೆ, ಒಂದೊಂದೂ ನೆಲ್ಲಿಕಾಯಿ ಗಾತ್ರ, ಗುಂಡಗೆ, ಮೇಲೆ ಕಂದು ಕೊಕೊ. ತಟ್ಟೆಯನ್ನು ಬಾಳೆಲೆಯಿಂದ ಮುಚ್ಚಿ ದೇವರ ಮುಂದೆ ಇಟ್ಟಳು. ಹೊನ್ನೆತೀರದಲ್ಲಿ ಯಾವ ಮನೆಯಲ್ಲೇ ಆಗಲಿ, ಮಾಡಿದ ಸಿಹಿಯನ್ನು ಮೊದಲು ದೇವರಿಗಿಟ್ಟು ಆಮೇಲೆ ಅತಿಥಿಗೆ ಬಡಿಸುವುದು. ಅದಕ್ಕೆ ಮುಂಚೆ ಮಾಡಿದವರು ರುಚಿ ನೋಡುವಂತಿಲ್ಲ. ನೋಡಿದರೆ ಎಂಜಲು.

ಧೂಮಕಂಠ ಬಂದು ಮಣೆಯ ಮೇಲೆ ಕೂತ. ಒಂದು ಉಂಡೆ ಬಾಯಿಗೆ ಹಾಕಿಕೊಂಡ.

"ಸಪ್ಪೆ," ಎಂದ. ಅವನ ನಾಲಿಗೆ ಉದುರಲಿಲ್ಲ. ದೇವೀರಿ ಸೊಂಟದವರೆಗೂ ಕಂಚಾದಳು.

ಅವನು ಹೋದ ಮೇಲೆ ಲೂಚಜ್ಜಿ ಮಿಕ್ಕ ಉಂಡೆಗಳನ್ನು ನೋಡಿದಳು. "ನೋಡೋಕೆ ಸರಿಯಾಗೇ ಇದೆಯಲ್ಲ. ನೀನು ತಿಂದು ನೋಡಿದ್ದಾ?"

"ಅದು ಹೇಗಜ್ಜಿ ತಿನ್ನೋದು? ದೇವರಿಗಿಡೋದನ್ನ!"

"ನಿಮ್ಮಣ್ಣ ನೋಡಿದ್ದನಾ?"

"ಅವನು ಮಿಠಾಯಿಯವನಾಗಿ ಹದಿನೆಂಟು ವರ್ಷ. ಒಂದು ದಿನವೂ ಮುಂಚೆ ಬಾಯಿಗೆ ಹಾಕಿದವನಲ್ಲ. ಕಣ್ಣಲ್ಲೇ ಹದ ನೋಡ್ತಿದ್ದ."

"ಮಿಕ್ಕ ಹನ್ನೆರಡು ಜನ?"

"ಅವರೂ ಒಳ್ಳೆಯ ಮನೆಯವರೇ."

"ಒಳ್ಳೆಯ ಮನೆಯ ಹಂಡೆ, ಒಳ್ಳೆಯ ಮನೆಯ ಜರಡಿ," ಎಂದಳು ಅಜ್ಜಿ. "ನಮ್ಮ ಕಡೆ ತಿಂದು ನೋಡದೆ ಬಡಿಸಿದರೆ ಅಡುಗೆಯವನನ್ನ ಸಮುದ್ರಕ್ಕೆ ತಳ್ತಾರೆ. ಈಗಲಾದರೂ ತಿನ್ನು."

ದೇವೀರಿ ತಟ್ಟೆಯ ಉಂಡೆಯೊಂದನ್ನು ಬಾಯಿಗಿಟ್ಟಳು. ಸಿಹಿ ತಿಳಿಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೆ ಕಹಿಯೂ ಇರಲಿಲ್ಲ. ಹೊಟ್ಟು ಅಗಿದ ಹಾಗೆ. ಅಷ್ಟು ಗಟ್ಟಿ ಡಿಕಾಕ್ಷನ್ ಹಾಕಿದ್ದು ಎಲ್ಲಿ ಹೋಯಿತು? ತಡಮಾಡದೆ ಕಲಸಿದ ಬೋಗುಣಿ ಎಳೆದುಕೊಂಡು ಅಂಚಿಗೆ ಅಂಟಿದ್ದನ್ನು ಬೆರಳಿನಿಂದ ತೆಗೆದು ನೆಕ್ಕಿದಳು. ಕಹಿ ನೆತ್ತಿಗೇರಿತು.

ಬೋಗುಣಿ ಅಡುಗೆಮನೆಯಲ್ಲೇ ಇತ್ತು. ತಟ್ಟೆ ಮಾತ್ರ ದೇವರ ಮುಂದೆ ಹೋಗಿ ಬಂದಿತ್ತು.

ಅವಳು ನೆಲದ ಮೇಲೆ ಕಂಚಿನ ಸೊಂಟ ಎಳೆದುಕೊಂಡು ದೇವರ ಕೋಣೆಗೆ ಹೋದಳು. ಗೋಡೆಯ ಬೆಳಕಿಂಡಿಯಿಂದ ಬಾಳೆಲೆಯವರೆಗೆ ಹಗ್ಗದಗಲದ ತೇವದ ಗೆರೆ. ಕಿಂಡಿಯಾಚೆ ಅದೇ ಗೆರೆ ಗುಡ್ಡದ ಕಡೆಗೆ ಹೋಗಿತ್ತು, ಅವಳಿಗೆ ಎಲ್ಲ ತಿಳಿಯಿತು. ಗುಡ್ಡದ ಮನೆಯಲ್ಲಿ ಕೂತ ಮಾಂತ್ರಿಕ ತನ್ನ ನಾಲಿಗೆಯನ್ನು ಹೊಗೆಯಂತೆ ತೆಳುಮಾಡಿ ಊರಿನ ಮನೆಮನೆಗೂ ಹರಿಸುತ್ತಿದ್ದ. ಎಲೆಯ ಕೆಳಗೆ ತೂರಿ ರುಚಿಯನ್ನೆಲ್ಲ ನೆಕ್ಕಿಕೊಂಡು ಹೋಗುತ್ತಿದ್ದ. ಎಷ್ಟೋ ವರ್ಷದಿಂದ ಊರಿನ ಹಬ್ಬದಡುಗೆಯೆಲ್ಲ ಸಪ್ಪೆ. ಪ್ರಸಾದ ಸಪ್ಪೆ ಎನ್ನುವುದು ಪಾಪವೆಂದು ಎಲ್ಲರೂ ಕಣ್ಣಿಗೊತ್ತಿಕೊಂಡು ನುಂಗುತ್ತಿದ್ದರು. ಕಳ್ಳನಿಗೆ ಇದಕ್ಕಿಂತ ಒಳ್ಳೆಯ ಊರು ಸಿಗುವುದಿಲ್ಲ.

ಮೂರನೆಯ ದಿನ ದೇವೀರಿ ಕೂತಲ್ಲೇ ಕೂತು ಮಾಡಿದಳು. ಡಿಕಾಕ್ಷನ್ ನೆಕ್ಕಿದಳು, ಸಾಲದೆಂದು ಇನ್ನಷ್ಟು ಪುಡಿ ಹಾಕಿದಳು. ಕಹಿಯ ಹದ ತಾನು ನೋಡಿದಳು. ಸಿಹಿಯ ಹದ ಅಜ್ಜಿ ನೋಡಿದಳು.

"ವಯಸ್ಸಾದ ಮೇಲೆ ನನಗೆ ಸಿಹಿ ಒಂದೇ ತಿಳಿಯೋದು ಕಣೇ," ಎಂದಳು ಅಜ್ಜಿ, ಬೆರಳು ಚೀಪುತ್ತ. "ಇನ್ನೊಂದು ಚಮಚ ಸಕ್ಕರೆ."

ಇಬ್ಬರ ಬಾಯಿ ಸೇರಿ ಒಂದು ನಾಲಿಗೆಯಾಯಿತು. ತಟ್ಟೆಯನ್ನು ದೇವರ ಮುಂದೆ ಇಡಲಿಲ್ಲ. ಹುರುಪೆಯ ಮೇಲೆ, ತನ್ನ ಕಣ್ಣೆದುರಿಗೇ, ತೆರೆದಿಟ್ಟುಕೊಂಡಳು. ಒಂದೆರಡು ಸಲ ಹೊಗೆಯ ಎಳೆಯೊಂದು ಕಿಟಕಿಯಲ್ಲಿ ಇಣುಕಿತು. ಸೌಟಿನಿಂದ ಬಾರಿಸಿದಳು.

ಮಧ್ಯಾಹ್ನ ಧೂಮಕಂಠ ಬಂದ. ತುಟಿ ಊದಿತ್ತು.

"ದೇವರಿಗೆ ಇಟ್ಟಾಯಿತೇನಮ್ಮಾ?"

"ಇಲ್ಲ ಸ್ವಾಮಿ."

"ಹಾಗಾದರೆ ನಾನು ಹೇಗೆ ತಿನ್ನಲಿ?"

"ಬಾಯಲ್ಲಿ. ಕರಾರಿನಲ್ಲಿ ದೇವರ ಮಾತಿಲ್ಲ. ಬೇಕಾದರೆ ಓದಿಸಿ."

"ನೀನು ಮುಂಚೆಯೇ ಬಾಯಿಗೆ ಹಾಕಿದ್ದೀಯ. ಎಂಜಲು!"

"ಹೌದು, ಹಾಕಿದ್ದೇನೆ. ನೀವು ಇಷ್ಟು ವರ್ಷ ಊರಿಗೆಲ್ಲ ಎಂಜಲು ಮಾಡಿ ಬಿಟ್ಟಿದ್ದನ್ನು ನಾವು ತಿನ್ನಲಿಲ್ಲವೇ? ಇವತ್ತೊಂದು ದಿನ ನೀವು ತಿನ್ನಿ."

ತಿನ್ನದೆ ಎದ್ದರೆ ಪಂದ್ಯ ಬಿಟ್ಟಂತೆ. ಧೂಮಕಂಠ ಒಂದು ಉಂಡೆ ಬಾಯಿಗೆ ಹಾಕಿಕೊಂಡ. ಮೊದಲು ಕೊಕೊ, ಆಮೇಲೆ ಕಾಫಿಯ ಕಹಿ, ಅದರ ಹಿಂದೆಯೇ ಕೆನೆಯ ತಣ್ಣನೆ ಸಿಹಿ. ಅವನ ಕಣ್ಣಲ್ಲಿ ನೀರು ಬಂತು. ಇನ್ನೊಂದು ತಿಂದ. ಇನ್ನೂ ಒಂದು ತಿಂದ. ಇಪ್ಪತ್ತೊಂದನ್ನೂ ತಿಂದು, ತಟ್ಟೆಯ ಪುಡಿಯನ್ನು ಬೆರಳಿನಿಂದ ಒರೆಸಿ, ಹೇಳಿದ:

"ಸಪ್ಪೆ."

ಹೇಳುತ್ತಿದ್ದಂತೆ ನಾಲಿಗೆ ಉದುರಿತು. ಬಾವಿಹಗ್ಗದಷ್ಟು ಉದ್ದವಿತ್ತು. ಮಡಿಕೆ ಮಡಿಕೆಯಾಗಿ ನೆಲದ ಮೇಲೆ ಬಿದ್ದು ಬೂದಿಯಾಯಿತು. ನಾಲಿಗೆಯಿಲ್ಲದೆ ಮಂತ್ರವಿಲ್ಲ. ಧೂಮಕಂಠ ಬಾಯಿ ಮುಚ್ಚಿಕೊಂಡು ಬೀದಿಯಲ್ಲಿ ಓಡಿದ, ರಾಜಭಟರು ಹಿಡಿದು ಗಡಿ ದಾಟಿಸಿದರು. ಗುಡ್ಡದ ಮೇಲೆ ಹಂಡೆ ಎದ್ದು ನಿಂತಿತು, ಜರಡಿ ಎದ್ದು ನಿಂತಿತು, ಒರಳು ಎದ್ದು ಕೆಮ್ಮಿತು. ದೇವೀರಿಯ ಕಾಲು ಕಾಲಾಯಿತು. ಅವತ್ತು ಸಂಜೆ ಊರಿನ ಮನೆಮನೆಯಲ್ಲೂ ಪಾಯಸಕ್ಕೆ ಪಾಯಸದ ರುಚಿಯಿತ್ತು.

ಸಿಂಗಣ್ಣ ಮನೆಗೆ ಬಂದ. ಮೈಯೆಲ್ಲ ಮೆಣಸಿನಕಾಯಿ ಘಾಟು. ತಂಗಿ ನಡೆದದ್ದನ್ನು ಹೇಳಿದಳು. ಅವನು ಕೇಳಿದ್ದು ಒಂದೇ ಮಾತು:

"ಬಡಿಸೋಕೆ ಮುಂಚೆ ಬಾಯಿಗೆ ಹಾಕಿದೆಯಾ?"

"ಹಾಕಿದೆ ಅಣ್ಣಾ. ಹಾಕದಿದ್ದರೆ ನೀನು ಇವತ್ತೂ ಮೆಣಸಿನಕಾಯಿ ಕುಟ್ಟಿಸಿಕೊಳ್ಳುತ್ತಿದ್ದೆ."

ಅವನು ಮುಖ ತಿರುಗಿಸಿಕೊಂಡ. ತಂಗಿ ಕೊಟ್ಟ ನೀರು ಕುಡಿಯಲಿಲ್ಲ. ಹದಿನೆಂಟು ವರ್ಷದ ಮರ್ಯಾದೆ ಅವನದು.

ದೇವೀರಿ ತನ್ನ ಸಿಹಿ ವಾಪಸು ಕೇಳಲು ಮೃಗಗಳ ಹತ್ತಿರ ಮತ್ತೆ ಹೋದಳು. ಮಾಂತ್ರಿಕ ಕದ್ದದ್ದೆಲ್ಲ ತಾನಾಗಿ ಹಿಂದೆ ಬಂದಿತ್ತು. ಅವಳದ್ದು ಕಳವಲ್ಲ, ವ್ಯಾಪಾರ. "ಬೀಜ ಬೇಕಾದರೆ ಇನ್ನೊಂದು ಸೇರು ಕೊಡ್ತೀನಿ," ಎಂದಿತು ಕರಡಿ, "ಬೆಲ್ಲದ ಸಿಹಿ ಮಾತ್ರ ಕೊಡಲ್ಲ." ಎಮ್ಮೆ ತಲೆಯನ್ನು ಕೆರೆಯ ನೀರಿನೊಳಗೆ ಮುಳುಗಿಸಿಕೊಂಡಿತು. ಸರ್ಪ ಬಾವಿಯಲ್ಲಿರಲಿಲ್ಲ.

ಅವಳು ಲೂಚಜ್ಜಿಯ ಜೊತೆ ಪೇಟೆಬೀದಿಯಲ್ಲಿ ಉಂಡೆಯಂಗಡಿ ಹಾಕಿದಳು. ಕಹಿ ಒಬ್ಬಳದು, ಸಿಹಿ ಇನ್ನೊಬ್ಬಳದು. ಊರು ಸಾಲುಗಟ್ಟಿ ತಿಂದಿತು. ಮೂರನೆಯ ವರ್ಷ ಅಜ್ಜಿ ತೀರಿಕೊಂಡಳು. ಮಾರನೆಯ ಬೆಳಿಗ್ಗೆ ದೇವೀರಿ ಬೋಗುಣಿಯ ಮುಂದೆ ಸಕ್ಕರೆ ಚಮಚ ಹಿಡಿದುಕೊಂಡು ಸುಮ್ಮನೆ ಕೂತಿದ್ದಳು. ಇನ್ನೊಂದು ಹಾಕಬೇಕೋ ಬೇಡವೋ ಹೇಳುವವರಿರಲಿಲ್ಲ. ಸಿಂಗಣ್ಣ ಬಾಗಿಲಲ್ಲಿ ನಿಂತು ನೋಡಿದ. ಆಮೇಲೆ ಬಂದು ಕೂತ, ಬೋಗುಣಿಗೆ ಬೆರಳು ಅದ್ದಿದ, ಕಣ್ಣು ಮುಚ್ಚಿಕೊಂಡು ಬಾಯಿಗಿಟ್ಟ.

"ಇನ್ನರ್ಧ ಚಮಚ," ಎಂದ.

ಅವಳು ಹಾಕಿದಳು. ಅಂದಿನಿಂದ ಅಂಗಡಿ ನಿಂತಿಲ್ಲ, ಊರು ಚೆನ್ನಾಗಿದೆ.

ಒಟ್ಟು ಬಂದದ್ದು: ಹನ್ನೆರಡು ಜನ ಅಡುಗೆಯವರು, ಒಂದೂರಿನ ಪ್ರಸಾದದ ರುಚಿ, ಪೇಟೆಬೀದಿಯಲ್ಲಿ ಒಂದು ಅಂಗಡಿ, ಒಬ್ಬ ಅಣ್ಣ. ಸಿಹಿ ಎಷ್ಟಿದೆಯೆಂದು ಅವನು ಹೇಳುತ್ತಾನೆ, ಅವಳು ನಂಬುತ್ತಾಳೆ.