ಹಳದಿ ದೀಪದ ಕುರ್ಚಿ

ಪರದೆಯ ಮೇಲೆ ಹೆಣ ಜಾರಿತು. ಹಾರ ಹಾಕಿ ಕುರ್ಚಿಯಲ್ಲಿ ಕೂರಿಸಿದ್ದ ಹೆಣ, ಆಸ್ತಿಗಾಗಿ ಕಿತ್ತಾಡುತ್ತಿದ್ದ ಇಬ್ಬರು ಮಕ್ಕಳ ನಡುವೆ ಮೆಲ್ಲಗೆ ವಾಲಿ ಹಿರಿಯವನ ಹೆಗಲಿಗೆ ತಲೆಯಿಟ್ಟಿತು. 'ಆಯ್ತಪ್ಪ, ಅರ್ಧ ಅವನಿಗೇ ಕೊಡ್ತೀನಿ!' ಎಂದು ಅವನು ಕಿರುಚಿದ. ಚಿತ್ರಮಂದಿರದಲ್ಲಿ ಯಾರೂ ಸದ್ದು ಮಾಡಲಿಲ್ಲ. ಆದರೆ ಕತ್ತಲಲ್ಲಿ ಅಲ್ಲೊಂದು ಇಲ್ಲೊಂದು ಕುರ್ಚಿಯ ತೋಳಿನ ಮೇಲೆ ಪುಟ್ಟ ಹಳದಿ ದೀಪ ಹೊತ್ತಿಕೊಂಡಿತು. ಎಲ್ಲಕ್ಕಿಂತ ಜೋರಾಗಿ ಉರಿದದ್ದು ದಾಕ್ಷಾಯಿಣಿಯದು.

ಬಾಯಿಗೆ ಸೆರಗು ಅಡ್ಡ ಹಿಡಿದರೂ ದೀಪ ಆರಲಿಲ್ಲ. ಪಕ್ಕದಲ್ಲಿದ್ದ ನಾದಿನಿ ವಿಶಾಲಾ ಆ ದೀಪವನ್ನು ನೋಡಿದಳು, ಅತ್ತಿಗೆಯ ಮುಖವನ್ನು ನೋಡಿದಳು, ಮತ್ತೆ ಪರದೆಯ ಕಡೆ ತಿರುಗಿಕೊಂಡಳು. ಮನೆಗೆ ಬರುವ ಆಟೋದಲ್ಲಿ ಅತ್ತಿಗೆಯಿಂದ ದೂರ ಸರಿದು ಕೂತಳು.

ದಾವಣಗೆರೆಯ ವಿಜ್ಞಾನಿ ಡಾ. ವೃಷಭೇಂದ್ರ ಕಂಡುಹಿಡಿದ ಈ ಉಪಕರಣಕ್ಕೆ ಒಳನಗೆಮಾಪಕ ಎಂದು ಹೆಸರು. ಸಾವು, ರೋಗ, ಅವಮಾನಗಳನ್ನೇ ತಮಾಷೆ ಮಾಡುವ ಕರಾಳ ಹಾಸ್ಯದ ಚಿತ್ರಗಳನ್ನು ನೋಡಿದ ಜನ 'ಥೂ, ಇದೂ ಒಂದು ಸಿನಿಮಾನಾ!' ಎಂದು ಮುಖ ಸಿಂಡರಿಸಿಕೊಂಡು ಹೊರಬರುತ್ತಿದ್ದರು. ಮುಂದಿನ ವಾರ ನೆಂಟರನ್ನೂ ಕರೆದುಕೊಂಡು ಬರುತ್ತಿದ್ದರು. ಇವರಿಗೆ ಇಷ್ಟವಾಯಿತೋ ಇಲ್ಲವೋ ತಿಳಿಯದೆ ನಿರ್ಮಾಪಕರು ತಲೆ ಕೆಡಿಸಿಕೊಂಡಿದ್ದರು. ಕುರ್ಚಿಯ ಬೆನ್ನಿನಲ್ಲಿ ಅಡಗಿದ ಮಾಪಕ ಪ್ರೇಕ್ಷಕರ ವಪೆಯ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯುವಿನ, ನಡುಕವನ್ನು ಹಿಡಿಯುತ್ತದೆ. ನಗುವಾಗ ಉಸಿರು ತುಂಡುತುಂಡಾಗಿ ಹೊರಬೀಳುತ್ತದೆ, ಅಳುವಾಗ ಬಿಕ್ಕಿ ಒಳಗೆ ಸೇರುತ್ತದೆ. ನಕ್ಕರೆ ಹಳದಿ, ಅತ್ತರೆ ನೀಲಿ. ನಿರ್ಮಾಪಕರ ಲೆಕ್ಕಕ್ಕಷ್ಟೇ ಎಂದು ಮಾಡಿದ ಯಂತ್ರಕ್ಕೆ ಮಂದಿರದ ಮಾಲೀಕರು ಮೋಜಿಗೆಂದು ದೀಪ ಸಿಕ್ಕಿಸಿದರು. ಆಮೇಲೆ ಜನ ಚಿತ್ರವನ್ನು ನೋಡಿದಷ್ಟೇ ಆಸೆಯಿಂದ ಪಕ್ಕದವರ ದೀಪವನ್ನೂ ನೋಡತೊಡಗಿದರು.

ದಾಕ್ಷಾಯಿಣಿಯ ಗಂಡ ಹಾಲಸ್ವಾಮಿ ಲಿಂಗೈಕ್ಯನಾಗಿ ಕೆಲವು ವರ್ಷಗಳಾಗಿದ್ದವು. ಅಂದು ಶವದ ಮುಂದೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅವಳು ಗಡಗಡ ನಡುಗಿದ್ದನ್ನು ಊರೆಲ್ಲ ನೋಡಿತ್ತು. 'ನಮ್ಮಣ್ಣನಿಗಾಗಿ ಹಿಂಗೆ ಅತ್ತವರನ್ನ ಒಬ್ಬರನ್ನೇ ಬಿಡಾಕಾಗಲ್ಲ' ಎಂದು ವಿಶಾಲಾ ತನ್ನ ಬಾಡಿಗೆ ಮನೆ ಬಿಟ್ಟು ಬಂದು ಅತ್ತಿಗೆಯ ಜೊತೆಗೇ ಉಳಿದಿದ್ದಳು. ಅವಳನ್ನು ಬಿಟ್ಟರೆ ದಾಕ್ಷಾಯಿಣಿಗೆ ನನ್ನವರು ಎನ್ನಲು ಯಾರೂ ಇರಲಿಲ್ಲ. ಆ ಹಳದಿ ದೀಪ ಕಂಡ ಮೇಲೆ ಅದೇ ವಿಶಾಲಾ ಬಾಯಿ ತುಂಬ 'ಅತ್ತಿಗೆ' ಎನ್ನುವುದನ್ನು ಬಿಟ್ಟು, ಬೇರೆ ಮನೆ ಹುಡುಕುತ್ತಿದ್ದಳು.

ದಾಕ್ಷಾಯಿಣಿ ವಿಜ್ಞಾನಿಯ ಪ್ರಯೋಗಾಲಯಕ್ಕೇ ಹೋದಳು.

"ನಿಮ್ಮ ಯಂತ್ರ ಕೆಟ್ಟೈತಿ ಸರ್. ಹಂಗಂತ ಒಂದ್ ಮಾತು ನಮ್ಮ ನಾದಿನಿಗೆ ಹೇಳ್ರಿ."

"ಕೆಟ್ಟಿಲ್ಲಮ್ಮ. ನೀವು ನಕ್ಕಿದ್ದೀರಿ. ಅದರಲ್ಲಿ ನಾಚಿಕೆ ಏನು ಬಂತು?"

"ಸಾವಿನ ಮನೆ ನೋಡಿ ನಗೋರು ಎಂಥ ಜನ ಸರ್?"

"ಸಾವಿನ ಮನೆ ಕಂಡವರೇ. ಅಲ್ಲಿ ನಗೋಕಾಗದೆ ಉಳಿದದ್ದನ್ನ ಇಲ್ಲಿ ಟಿಕೆಟ್ ತಗೊಂಡು ನಕ್ಕು ಹೋಗ್ತಾರೆ, ಅಷ್ಟೆ."

"ನಂದು ಉಳಿದಿರ್ಲಿಲ್ಲ ಸರ್," ಎಂದಳು ದಾಕ್ಷಾಯಿಣಿ, ನೆಲ ನೋಡುತ್ತ. "ನಾನು ಅಲ್ಲೇ ನಕ್ಕಿದ್ದೆ."

ಹಾಲಸ್ವಾಮಿಯದು ದೋಸೆ ಹೋಟೆಲು. ಗೆಳೆಯರು ಅಂದು ಮನೆಯೆದುರು ದೊಡ್ಡ ಫ್ಲೆಕ್ಸ್ ಕಟ್ಟಿಸಿದ್ದರು. 'ಮತ್ತೆ ಹುಟ್ಟಿ ಬನ್ನಿ' ಎಂದು ಇರಬೇಕಾದ ಕಡೆ, ಅವಸರದಲ್ಲಿ 'ಹುಟ್ಟಿ' ಬಿಟ್ಟುಹೋಗಿತ್ತು. ಕೈಮುಗಿದು ನಗುತ್ತಿರುವ ಹಾಲಸ್ವಾಮಿಯ ಚಿತ್ರ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ 'ಮತ್ತೆ ಬನ್ನಿ'. ಹೋಟೆಲಿನ ಬಾಗಿಲ ಮೇಲೆ ಅವನೇ ಬರೆಸಿದ್ದಂತೆಯೇ. ಅದನ್ನು ಓದಿದ ದಾಕ್ಷಾಯಿಣಿಗೆ ತಡೆಯಲಾಗಿರಲಿಲ್ಲ. ಆ ನಗುವಿನಲ್ಲಿ ಸಿಕ್ಕಿಕೊಂಡ ಅಳು ಆಮೇಲೂ ಬರಲೇ ಇಲ್ಲ. ಗಂಡನಿಗಾಗಿ ಒಂದು ಹನಿ ಕಣ್ಣೀರು ಹಾಕದ ಹೆಂಗಸು ತಾನು ಎಂಬ ನಾಚಿಕೆ ಅವಳನ್ನು ದಿನವೂ ತಿನ್ನುತ್ತಿತ್ತು.

ಅವಳು ಇದನ್ನೆಲ್ಲ ಹೇಳಿದಾಗ ಡಾ. ವೃಷಭೇಂದ್ರ ನಗು ಬಾರದಂತೆ ತುಟಿ ಕಚ್ಚಿ ಹಿಡಿದರು. ಆದರೂ ಹೊಟ್ಟೆ ಕುಲುಕಿತು. ಒಡನೆಯೇ ಅವರಿಗೂ ನಾಚಿಕೆಯಾಗಿ ಕನ್ನಡಕ ತೆಗೆದು ಒರೆಸಿಕೊಂಡರು. ಆ ಮುಜುಗರದಲ್ಲೇ, ಯಾವ ವಿಜ್ಞಾನಿಯೂ ಒಪ್ಪಬಾರದ ಕೆಲಸಕ್ಕೆ ಒಪ್ಪಿಕೊಂಡರು. "ನಿಮ್ಮ ಒಂದು ಕುರ್ಚಿಯ ತಂತಿಗಳನ್ನ ಅದಲುಬದಲು ಮಾಡ್ತೀನಿ. ಹಳದಿ ಬರೋ ಕಡೆ ನೀಲಿ ಬರುತ್ತೆ. ನಾದಿನಿಯನ್ನ ಇನ್ನೊಮ್ಮೆ ಕರ್ಕೊಂಡು ಬನ್ನಿ."

ಮೊದಲ ಸಲ ಯಂತ್ರ ಕೆಟ್ಟಿತ್ತಂತೆ ಎಂದು ಗೋಗರೆದು ದಾಕ್ಷಾಯಿಣಿ ವಿಶಾಲಾಳನ್ನು ಮತ್ತೆ ಕರೆತಂದಳು. ಹೆಣ ಜಾರಿತು. ಬೇಡಬೇಡವೆಂದರೂ ದಾಕ್ಷಾಯಿಣಿಗೆ ನಗು ಉಕ್ಕಿತು. ಸೆರಗಿನ ಹಿಂದೆ ಅವಳು ನಡುಗಿದಳು, ದೀಪ ನೀಲಿಯಾಗಿ ಬೆಳಗಿತು.

ವಿಶಾಲಾ ತಟ್ಟನೆ ಅವಳ ಕೈ ಹಿಡಿದುಕೊಂಡಳು. "ತಪ್ಪಾತು ಅತ್ತಿಗೆ. ಏನೇನೋ ಅನ್ಕಂಡುಬಿಟ್ಟೆ. ಅವತ್ತು ನಂಗೆ ಅಳೂನೇ ಬರ್ಲಿಲ್ಲ, ಕಲ್ಲಿನಂಗೆ ನಿಂತಿದ್ದೆ. ನೀವು ಅಳೋದು ನೋಡಿ, ನಮ್ಮಣ್ಣನಿಗೆ ಒಬ್ರಾದ್ರೂ ಅದಾರಲ್ಲ ಅಂತ ಸಮಾಧಾನ ಮಾಡ್ಕಂಡೆ."

ದಾಕ್ಷಾಯಿಣಿಯೊಳಗೆ ಏನೋ ಕಿತ್ತುಬಂತು. ನಗು ನಿಂತುಹೋಯಿತು. ಅಂದು ಬರದಿದ್ದ ಅಳು, ಹಾಲಸ್ವಾಮಿಯ ಹಿಟ್ಟಿನ ಕೈ, ಅವನ ಗೊರಕೆ, ಖಾಲಿ ಮಂಚ ಎಲ್ಲವನ್ನೂ ಎಳೆದುಕೊಂಡು ಒಮ್ಮೆಲೇ ಬಂತು. ಅವಳು ಬಿಕ್ಕಿಬಿಕ್ಕಿ ಅತ್ತಳು.

ತಂತಿ ಅದಲುಬದಲಾಗಿತ್ತಲ್ಲ! ನಗು ನೀಲಿಯಾದರೆ ಅಳು ಏನಾಗುತ್ತದೆಂದು ವಿಜ್ಞಾನಿಯೂ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ದೀಪ ಝಗ್ಗನೆ ಹಳದಿಗೆ ತಿರುಗಿ ಇಡೀ ಸಾಲಿಗೆ ಕಾಣುವಂತೆ ಉರಿಯಿತು. ಹಿಂದಿನಿಂದ ಯಾರೋ, "ನೋಡ್ರೀ, ಆಯಮ್ಮ ಹೆಂಗ್ ನಗಾಕತ್ತಾಳೆ!" ಎಂದರು.

ವಿಶಾಲಾ ಕೈ ಬಿಟ್ಟಳು.

"ಇದು ಅಳು ವಿಶಾಲಾ, ನಿಜವಾಗ್ಲೂ ಅಳು," ಎಂದಳು ದಾಕ್ಷಾಯಿಣಿ. ವಿಶಾಲಾ ದೀಪದಿಂದ ಕಣ್ಣು ಕೀಳಲಿಲ್ಲ. ತನ್ನ ಬಾಳಿನಲ್ಲಿ ಒಂದೇ ಒಂದು ಸಲ ಸರಿಯಾಗಿ ಅತ್ತದ್ದಕ್ಕೆ ಸಿಕ್ಕ ಮರ್ಯಾದೆ ಇದು ಎನಿಸಿದ್ದೇ ತಡ, ನಾಚಿಕೆಯಿಂದ ಮುದುಡಿಹೋಗುತ್ತಲೇ ದಾಕ್ಷಾಯಿಣಿಗೆ, ಅಯ್ಯೋ ಶಿವನೇ, ಮತ್ತೆ ನಗು ಬಂದುಬಿಟ್ಟಿತು.

ದೀಪ ನೀಲಿಯಾಯಿತು. ವಿಶಾಲಾ ದೊಡ್ಡ ಉಸಿರುಬಿಟ್ಟು ಅವಳನ್ನು ತಬ್ಬಿಕೊಂಡಳು. "ಅಳ್ರಿ ಅತ್ತಿಗೆ," ಎಂದು ಬೆನ್ನು ಸವರಿದಳು, "ಅತ್ತುಬಿಡ್ರಿ."